ಎಂಒಯು ಆಯ್ತು, ಡೇಟಾ ಎಲ್ಲಿ?

ಡಿಗ್ರಿ ಕಾಲೇಜುಗಳು ಕಂಪನಿಗಳ ಜೊತೆ ಸೇರಿ ಡೇಟಾ ಸೈನ್ಸ್ ಕಲಿಸುವ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ನಮ್ಮದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಎರಡು ವರ್ಷದಲ್ಲಿ ಮೂರು ಕಂಪನಿಗಳ ಜೊತೆ ಎಂಒಯು (ಒಡಂಬಡಿಕೆ ಪತ್ರ) ಮಾಡಿಕೊಂಡೆವು. ಆದದ್ದು ಎರಡು ಗೆಸ್ಟ್ ಲೆಕ್ಚರ್, ಒಂದು ಗ್ರೂಪ್ ಫೋಟೊ. ಬಿಸಿಎ ಮಕ್ಕಳಿಗೆ ನಿಜವಾದ ಪ್ರಾಜೆಕ್ಟ್ ಸಿಗಬೇಕಾದರೆ ಒಪ್ಪಂದವನ್ನು ಹೇಗೆ ಬರೆಯಬೇಕು?
– ಉಪನ್ಯಾಸಕಿ, ಹಾಸನ

ಇಂಥ ಎಂಒಯುಗಳಲ್ಲಿ ‘ಪರಸ್ಪರ ಸಹಕಾರ’, ‘ಜ್ಞಾನ ವಿನಿಮಯ’ ಎಂಬ ಮಾತುಗಳಿಗೆ ಬರವಿಲ್ಲ. ಯಾರು, ಯಾವ ತಾರೀಖಿಗೆ, ಏನು ಕೊಡಬೇಕು ಎಂಬುದು ಮಾತ್ರ ಇರುವುದಿಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಮಂಡಳಿಯ ಕಡತಕ್ಕೆ ಅಷ್ಟು ಸಾಕು, ಪಾಠಕ್ಕೆ ಸಾಲದು. ಎಂಒಯು ಹಾಗೇ ಇರಲಿ. ಪ್ರತಿ ಪ್ರಾಜೆಕ್ಟಿಗೂ ಒಂದು ಪುಟದ ಅನುಬಂಧ ಬರೆಸಿಕೊಳ್ಳಿ.

ಅದರಲ್ಲಿ ಮೊದಲು ಪ್ರಶ್ನೆ, ಒಂದೇ ವಾಕ್ಯದಲ್ಲಿ. ‘ಸೇಲ್ಸ್ ಅನಾಲಿಸಿಸ್’ ಎಂದು ಬರೆದರೆ ಪ್ರಶ್ನೆಯಾಗಲಿಲ್ಲ. ‘ಯಾವ ಬಿಡಿಭಾಗಗಳು 90 ದಿನ ಕಳೆದರೂ ಗೋದಾಮಿನಿಂದ ಕದಲುವುದಿಲ್ಲ?’ ಎಂದರೆ ಆಯಿತು. ಆಮೇಲೆ ಡೇಟಾ: ಯಾವ ಟೇಬಲ್, ಎಷ್ಟು ವರ್ಷದ್ದು, ಯಾವ ದಿನದೊಳಗೆ ಕಾಲೇಜಿನ ಕೈಗೆ. ಕಂಪನಿಯ ಕಡೆಯಿಂದ ಇಬ್ಬರ ಹೆಸರು ಇರಲಿ, ಒಬ್ಬರದಲ್ಲ. ಐಟಿ ಕೆಲಸದಲ್ಲಿ ಆರು ತಿಂಗಳಿಗೆ ಜನ ಬದಲಾಗುವುದು ಮಾಮೂಲು. ಒಬ್ಬರನ್ನೇ ನಂಬಿದರೆ ಅವರು ಕಂಪನಿ ಬಿಟ್ಟ ದಿನ ಪ್ರಾಜೆಕ್ಟೂ ನಿಂತಿತು. ಮಕ್ಕಳ ಜೊತೆ ವಾರಕ್ಕೆ ಒಂದು ಗಂಟೆ ಕೂರುವ ದಿನ, ಹೊತ್ತು ಎರಡೂ ನಮೂದಾಗಲಿ. ಕೊನೆಗೆ, ಬರೆದ ಕೋಡ್ ಯಾರದು, ವಿದ್ಯಾರ್ಥಿ ತನ್ನ ರೆಸ್ಯೂಮೆಯಲ್ಲಿ ಅದರ ಬಗ್ಗೆ ಎಷ್ಟು ಹೇಳಿಕೊಳ್ಳಬಹುದು ಎಂಬುದು.

ಲೆಕ್ಕ ಹೀಗೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. ನಾಲ್ಕು ಕ್ರೆಡಿಟ್ಟಿನ ಪ್ರಾಜೆಕ್ಟಿಗೆ 120 ಗಂಟೆ. 16 ವಾರಕ್ಕೆ ಹಂಚಿದರೆ ಪ್ರತಿ ವಿದ್ಯಾರ್ಥಿಗೆ ವಾರಕ್ಕೆ ಏಳೂವರೆ ಗಂಟೆ. ತಂಡದಲ್ಲಿ ನಾಲ್ಕು ಜನ, ಹೆಚ್ಚೆಂದರೆ ಐದು. ಕಂಪನಿಯವರಿಗೆ ತಗಲುವುದು 16 ಗಂಟೆಯ ಭೇಟಿ, ಡೇಟಾ ತೆಗೆದುಕೊಡಲು ಸುಮಾರು 20 ಗಂಟೆ. ಈ 36 ಗಂಟೆ ಕೊಡಲು ಒಪ್ಪದ ಕಂಪನಿ ಎಷ್ಟು ದೊಡ್ಡದಾದರೂ ನಿಮಗೆ ಬೇಡ.

ಡೇಟಾ ಸೆಮಿಸ್ಟರ್ ಶುರುವಾಗುವ ಆರು ವಾರ ಮೊದಲೇ ಬರಬೇಕು. ಹೆಚ್ಚಿನ ಪ್ರಾಜೆಕ್ಟುಗಳು ಮಣ್ಣುಪಾಲಾಗುವುದು ಇಲ್ಲೇ: ಮ್ಯಾನೇಜರು ಖುಷಿಯಿಂದ ಒಪ್ಪಿರುತ್ತಾರೆ, ಫೈಲು ಲೀಗಲ್ ವಿಭಾಗಕ್ಕೆ ಹೋಗುತ್ತದೆ, ಒಂಬತ್ತನೇ ವಾರ ಹಿಂದಿರುಗುತ್ತದೆ. ಅಷ್ಟರಲ್ಲಿ ಮಕ್ಕಳು ಇಂಟರ್ನೆಟ್ಟಿನಿಂದ ಟೈಟಾನಿಕ್ ಪ್ರಯಾಣಿಕರ ಪಟ್ಟಿ ಇಳಿಸಿಕೊಂಡು ಎಲ್ಲರೂ ಮಾಡುವುದನ್ನೇ ಮಾಡಿ ಮುಗಿಸಿರುತ್ತಾರೆ. ತಾರೀಖಿಗೆ ಡೇಟಾ ಬರದಿದ್ದರೆ ಆ ಪ್ರಾಜೆಕ್ಟನ್ನು ಮುಂದಿನ ಸೆಮಿಸ್ಟರಿಗೆ ತಳ್ಳಿ, ಸಾರ್ವಜನಿಕ ಡೇಟಾದ ಪರ್ಯಾಯ ಪ್ರಾಜೆಕ್ಟಿಗೆ ಹೋಗಿ.

ಯಾವ ಪ್ರಶ್ನೆ ಆರಿಸಬೇಕು? ಕಂಪನಿಗೆ ನಾಳೆಯೇ ಉತ್ತರ ಬೇಕಾದದ್ದು ಬೇಡ, ಅವರು ಮಕ್ಕಳಿಗಾಗಿ ಕಾಯುವುದಿಲ್ಲ. ಯಾರಿಗೂ ಬೇಡವಾದದ್ದೂ ಬೇಡ, ಭೇಟಿಗೆ ಯಾರೂ ಬರುವುದಿಲ್ಲ. ‘ಉತ್ತರ ಸಿಕ್ಕರೆ ಚೆನ್ನ, ಆದರೆ ನಮಗೆ ಪುರುಸೊತ್ತಿಲ್ಲ’ ಎಂದು ಎರಡು ವರ್ಷದಿಂದ ಬಿದ್ದಿರುವ ಪ್ರಶ್ನೆ ಕೇಳಿ ಪಡೆಯಿರಿ.

ಈ ಪದ್ಧತಿ ಹೊಸದೇನಲ್ಲ. ಅಮೆರಿಕದ ಹಾರ್ವೆ ಮಡ್ ಕಾಲೇಜು 1963ರಿಂದ ‘ಕ್ಲಿನಿಕ್’ ಹೆಸರಿನಲ್ಲಿ ಇದನ್ನು ನಡೆಸುತ್ತಿದೆ: ಸಣ್ಣ ತಂಡ, ಪೂರ್ತಿ ಶೈಕ್ಷಣಿಕ ವರ್ಷ, ಕಂಪನಿಯಿಂದ ಒಬ್ಬ ಸಂಪರ್ಕ ವ್ಯಕ್ತಿ, ಜೊತೆಗೆ ಕಂಪನಿ ಕಾಲೇಜಿಗೆ ಕಟ್ಟುವ ಶುಲ್ಕ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ 2018ರಲ್ಲಿ ಆರಂಭಿಸಿದ ‘ಡೇಟಾ ಮೈನ್’ನಲ್ಲಿ ಯಾವ ವಿಷಯ ಓದುವವರೂ ಸೇರಬಹುದು, ಕಂಪನಿಯ ಮಾರ್ಗದರ್ಶಕರು ವಾರವಾರ ಸಿಗುತ್ತಾರೆ. ದುಡ್ಡು ಕಟ್ಟಿದ ಕಂಪನಿ ಭೇಟಿ ತಪ್ಪಿಸುವುದಿಲ್ಲ. ನಮ್ಮಲ್ಲಿ ಶುಲ್ಕ ಕೇಳಲು ಕಾಲೇಜುಗಳು ಯಾಕೆ ಹಿಂಜರಿಯುತ್ತವೋ! ಸಣ್ಣ ಮೊತ್ತವಾದರೂ ಕೇಳಿ ನೋಡಿ. ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಕೊಡುತ್ತೇವೆ ಎಂದರೆ ಒಂದು ಎಚ್ಚರಿಕೆ: ಕಂಪನಿಯ ಮಾಮೂಲಿ ವ್ಯವಹಾರದ ಭಾಗವಾದ ಕೆಲಸಕ್ಕೆ ಮಾಡಿದ ಖರ್ಚು ಸಿಎಸ್‌ಆರ್ ಆಗುವುದಿಲ್ಲ. ಲ್ಯಾಬ್, ಪುಸ್ತಕ, ವಿದ್ಯಾರ್ಥಿವೇತನ ಅದರಲ್ಲಿ ಬರಲಿ. ಕಂಪನಿಗೇ ಬೇಕಾದ ಪ್ರಾಜೆಕ್ಟಿನ ಶುಲ್ಕ ಬೇರೆ ಖಾತೆಯಿಂದ ಬರಲಿ.

ಆಟೊ ಬಿಡಿಭಾಗಗಳ ಸಗಟು ವ್ಯಾಪಾರ ನಮ್ಮದು. ಊರಿನ ಕಾಲೇಜಿನವರು ಐದು ವರ್ಷದ ಟ್ಯಾಲಿ ಡೇಟಾ ಕೇಳುತ್ತಿದ್ದಾರೆ. ಗಿರಾಕಿಗಳ ಹೆಸರು, ನಂಬರ್, ನಮ್ಮ ಮಾರ್ಜಿನ್ ಎಲ್ಲ ಅದರಲ್ಲಿದೆ. ಹೆಸರು ಅಳಿಸಿ ಕೊಟ್ಟರೆ ಸಾಕೇ?
– ವ್ಯಾಪಾರಿ, ಹುಬ್ಬಳ್ಳಿ

ಸಾಲದು. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ ಬಹಳ ಹಿಂದೆಯೇ ತೋರಿಸಿದ್ದಾರೆ: ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಹುಟ್ಟಿದ ತಾರೀಖು, ಲಿಂಗ ಈ ಮೂರೇ ಸೇರಿದರೆ ಆ ದೇಶದ ಶೇ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತು ಹಚ್ಚಬಹುದು ಎಂದು. ನಿಮ್ಮ ಡೇಟಾದಲ್ಲೂ ‘ಇಂಥ ತಾಲ್ಲೂಕಿನಲ್ಲಿ ಟ್ರ್ಯಾಕ್ಟರ್ ಕ್ಲಚ್ ಪ್ಲೇಟ್ ತಿಂಗಳಿಗೆ ನೂರು ಕೊಳ್ಳುವ ಅಂಗಡಿ’ ಎಂದರೆ ಯಾರೆಂದು ಪೇಟೆಗೆಲ್ಲ ಗೊತ್ತು.

ಮೊಬೈಲ್ ನಂಬರನ್ನು ‘ಹ್ಯಾಶ್ ಮಾಡಿ ಕೊಡಿ’, ಅಂದರೆ ಒಂದು ಸೂತ್ರಕ್ಕೆ ಹಾಕಿ ಗುರುತು ಸಿಗದ ಸಂಕೇತವಾಗಿಸಿ ಕೊಡಿ, ಎನ್ನುವವರಿದ್ದಾರೆ. ನಂಬಬೇಡಿ. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಅಂದರೆ ಒಟ್ಟು ಸಾಧ್ಯತೆ 400 ಕೋಟಿ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಲು ಕಂಪ್ಯೂಟರಿಗೆ ಹೆಚ್ಚು ಹೊತ್ತು ಬೇಡ. ಅದರ ಬದಲು ಪ್ರತಿ ಗಿರಾಕಿಗೂ ಮನಸ್ಸಿಗೆ ಬಂದ ಸಂಖ್ಯೆ ಕೊಡಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯಲಿ. ಪಿನ್‌ಕೋಡಿನ ಮೊದಲ ಮೂರು ಅಂಕಿ ಸಾಕು. ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೂ ಕೊಟ್ಟರೆ ಮಾರ್ಜಿನ್ ಬಯಲಾಗುತ್ತದೆ, ಆದ್ದರಿಂದ ಮಾರಿದ ಬೆಲೆಯನ್ನಷ್ಟೇ ಕೊಡಿ, ಅದನ್ನೂ ನಿಮಗೆ ಮಾತ್ರ ಗೊತ್ತಿರುವ ಒಂದು ಗುಣಕದಿಂದ, ಉದಾಹರಣೆಗೆ 0.83ರಿಂದ, ಗುಣಿಸಿ. ಏರಿಳಿತ ಹಾಗೇ ಉಳಿಯುತ್ತದೆ, ನಿಜವಾದ ಅಂಕಿ ಹೊರಬೀಳುವುದಿಲ್ಲ. ತಾರೀಖನ್ನು ಮರೆಮಾಚಲು ಹಿಂದೆ ಮುಂದೆ ಸರಿಸುವುದಾದರೆ ಏಳೇಳು ದಿನದ ಲೆಕ್ಕದಲ್ಲಿ ಸರಿಸಿ, ಇಲ್ಲದಿದ್ದರೆ ಭಾನುವಾರದ ರಜೆ ಬುಧವಾರ ಬಂದು ಕೂರುತ್ತದೆ. ಹಾಗೆ ಮಾಡಿದರೂ ಆಯುಧಪೂಜೆಯ ವ್ಯಾಪಾರ ಸ್ಥಾನ ತಪ್ಪುತ್ತದೆ. ಹಬ್ಬದ ಮಾರಾಟವೇ ಪ್ರಶ್ನೆಯಾಗಿದ್ದರೆ ತಾರೀಖು ಮುಟ್ಟಬೇಡಿ.

ಎಲ್ಲಕ್ಕಿಂತ ಅಪಾಯಕಾರಿ ಜಾಗ ವಹಿವಾಟಿನ ವಿವರಣೆ ಬರೆಯುವ ನರೇಶನ್ ಕಾಲಂ. ಪಾರ್ಟಿ ಹೆಸರು ಅಳಿಸಿ ನಿರಾಳವಾದವರು ಅದನ್ನು ಮರೆಯುತ್ತಾರೆ. ಅಕೌಂಟೆಂಟ್ ಅದರಲ್ಲಿ ‘ತಮ್ಮನ ಫೋನ್‌ಪೇಯಿಂದ ಬಂತು’ ಎಂದು ಹೆಸರು, ನಂಬರ್ ಸಮೇತ ಬರೆದಿಟ್ಟಿರುತ್ತಾರೆ. ಆ ಕಾಲಂ ಪೂರ್ತಿ ತೆಗೆದುಬಿಡಿ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಡೇಟಾ ಭದ್ರತೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಅಂಗಡಿಯವರಿಗೆ ಅಷ್ಟು ಬೀಳುವುದು ದೂರದ ಮಾತು. ಆದರೂ ಡೇಟಾವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬಾರದು, ಸೆಮಿಸ್ಟರ್ ಮುಗಿದ 30 ದಿನದಲ್ಲಿ ಅಳಿಸಿ ಲಿಖಿತವಾಗಿ ತಿಳಿಸಬೇಕು ಎಂದು ಕಾಲೇಜಿನಿಂದ ಬರೆಸಿಕೊಳ್ಳಿ.

ಯಾವ ಕಂಪನಿಯೂ ಸಿಗದ ಊರು ನಮ್ಮದು. ಮೊದಲ ಪ್ರಾಜೆಕ್ಟ್ ಯಾವುದು ಮಾಡಿಸಲಿ?
– ಅತಿಥಿ ಉಪನ್ಯಾಸಕ, ಚಿಂತಾಮಣಿ

ಪಕ್ಕದಲ್ಲೇ ಕೋಲಾರದ ಎಪಿಎಂಸಿ ಇದೆಯಲ್ಲ! ಟೊಮೆಟೊ ಮಂಡಿಯ ವರ್ತಕರು, ರೈತ ಉತ್ಪಾದಕರ ಕಂಪನಿ, ಹಾಲಿನ ಸೊಸೈಟಿ ಇವೂ ಉದ್ಯಮಗಳೇ. ದರದ ಡೇಟಾ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ: ದಿನದ ಆವಕ, ಕನಿಷ್ಠ, ಗರಿಷ್ಠ ಮತ್ತು ಮೋಡಲ್ (ಹೆಚ್ಚಿನ ಮಾಲು ಮಾರಾಟವಾದ) ದರ.

ಮಕ್ಕಳು ಮೊದಲು ಎಡವುವುದು ಅಳತೆಯಲ್ಲಿ. ಅಗ್‌ಮಾರ್ಕ್‌ನೆಟ್‌ನ ದರ ಕ್ವಿಂಟಲಿಗೆ. ಮಂಡಿಯಲ್ಲಿ ಹರಾಜು ಕೂಗುವುದು 15 ಕೆ.ಜಿ. ಬಾಕ್ಸಿಗೆ. ಬಾಕ್ಸಿಗೆ 300 ರೂಪಾಯಿ ಎಂದರೆ ಕ್ವಿಂಟಲಿಗೆ 2,000. ಇದನ್ನು ನೋಡದೆ ಮಂಡಿಯ ಚೀಟಿಯನ್ನೂ ಸರ್ಕಾರಿ ಪಟ್ಟಿಯನ್ನೂ ಕೂಡಿಸಿದರೆ ದರ ಒಂದೇ ದಿನದಲ್ಲಿ ಆರೇಳು ಪಟ್ಟು ಜಿಗಿದಂತೆ ಕಾಣುತ್ತದೆ. ಎರಡನೆಯದು ಖಾಲಿ ದಿನಗಳು. ಅಂದು ಮಾರುಕಟ್ಟೆಗೆ ರಜೆಯೋ, ಅಥವಾ ವರದಿಯನ್ನೇ ಏರಿಸಲಿಲ್ಲವೋ? ಸೊನ್ನೆ ತುಂಬಿದರೆ ಸರಾಸರಿ ಕುಸಿಯುತ್ತದೆ. ಎಪಿಎಂಸಿ ಕಚೇರಿಗೆ ಹೋಗಿ ರಜೆಯ ಪಟ್ಟಿ ತರಲು ಒಬ್ಬ ವಿದ್ಯಾರ್ಥಿಯನ್ನು ಕಳಿಸಿ. ಡೇಟಾ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ಅವನು ನೋಡಿಬರುತ್ತಾನೆ.

ಮೂರನೆಯದು ಊರಿನ ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು. ಹಳೆಯ ಫೈಲಿನಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. ಇಷ್ಟಕ್ಕೇ ಮುಗಿಯುವುದಿಲ್ಲ: ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ, 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆಯಾಗಿದೆ, ಬೆಂಗಳೂರಿನಲ್ಲಿ ವಿಜಯನಗರ ಬಡಾವಣೆಯೂ ಇದೆ. ಹೆಸರು ನೋಡಿ ಟೇಬಲ್ ಜೋಡಿಸಿದರೆ ಬಳ್ಳಾರಿಯ ಉತ್ಪಾದನೆ 2021ರ ನಂತರ ಇದ್ದಕ್ಕಿದ್ದಂತೆ ಬಿದ್ದುಹೋದ ಹಾಗೆ ಗ್ರಾಫ್ ಬರುತ್ತದೆ. ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಜಿಲ್ಲೆ, ತಾಲ್ಲೂಕು, ಊರಿಗೂ ಕೊಟ್ಟಿರುವ ಎಲ್‌ಜಿಡಿ ಕೋಡ್ ಬಳಸಿ ಜೋಡಿಸುವ ಅಭ್ಯಾಸ ಮಾಡಿಸಿ. ಒಡೆದ ಜಿಲ್ಲೆಗಳನ್ನು ಹಳೆಯ ಗಡಿಗೆ ಕೂಡಿಸಿ ನೋಡಲಿ. ಇನ್ನು ಹಳೆಯ ಕಡತ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯುನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆರೆದಾಗ ಅಕ್ಷರವೆಲ್ಲ ಕಲಸುಮೇಲೋಗರ. ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ, ಯುನಿಕೋಡ್ ಪರಿವರ್ತಕಕ್ಕೆ ಹಾಕಿ, ಅಂಕಿಗಳೂ ಒತ್ತಕ್ಷರಗಳೂ ಸರಿಯಾಗಿ ಬಂದವೇ ಎಂದು ನೂರು ಸಾಲು ಕಣ್ಣಾರೆ ಪರೀಕ್ಷಿಸಿ.

ದರ ಊಹಿಸುವ ಮಾಡೆಲ್ ಮಾಡುವಾಗ ಸಾಲುಗಳನ್ನು ಕಲಸಿ ಕಲಿಸಲು ಶೇ 80, ಪರೀಕ್ಷಿಸಲು ಶೇ 20 ಎಂದು ಹಂಚಲೇಬಾರದು. ನಾಳೆಯ ದರ ನೋಡಿಕೊಂಡು ಇವತ್ತಿನದನ್ನು ಹೇಳಿದ ಹಾಗಾಗುತ್ತದೆ, ನಿಖರತೆ ಶೇ 98 ಎಂದು ಬೀಗುತ್ತಾರೆ. ಹಿಂದಿನ ವರ್ಷಗಳಲ್ಲಿ ಕಲಿಸಿ, ಮುಂದಿನ ವರ್ಷದಲ್ಲಿ ಪರೀಕ್ಷಿಸಿ. 2022ರವರೆಗೆ ಕಲಿತ ಮಾಡೆಲನ್ನು 2023ರ ಜುಲೈ ಮೇಲೆ ಓಡಿಸಿದರೆ ಅದು ಮುಗ್ಗರಿಸುತ್ತದೆ. ಆ ತಿಂಗಳು ಕೋಲಾರದಲ್ಲಿ ಬಾಕ್ಸ್ 2 ಸಾವಿರ ದಾಟಿತ್ತು. ಯಾಕೆ ಮುಗ್ಗರಿಸಿತು ಎಂದು ವರ್ತಕರ ಮುಂದೆ ಕೂತು ವಿವರಿಸುವುದೇ ಒಳ್ಳೆಯ ವೈವಾ. ಅಳತೆಗೋಲಾಗಿ ‘ನಿನ್ನೆಯ ದರವೇ ಇವತ್ತಿನ ದರ’ ಎಂಬ ಪೆದ್ದು ಊಹೆ ಇಟ್ಟುಕೊಳ್ಳಿ. ಅದನ್ನು ಸೋಲಿಸುವುದು ಅಂದುಕೊಂಡಷ್ಟು ಸುಲಭವಲ್ಲ.

ಕಂಪನಿಯೊಂದು ಇಡೀ ಡೇಟಾ ಸೈನ್ಸ್ ಕೋರ್ಸನ್ನು ತಾನೇ ನಡೆಸುತ್ತೇನೆ, ತನ್ನ ಸಾಫ್ಟ್‌ವೇರ್ ಉಚಿತ ಎನ್ನುತ್ತಿದೆ. ಒಪ್ಪಿಕೊಳ್ಳಬಹುದೇ?
– ಪ್ರಾಂಶುಪಾಲರು, ಶಿವಮೊಗ್ಗ

ಎಷ್ಟು ವರ್ಷ ಉಚಿತ ಎಂದು ಮೊದಲು ಕೇಳಿ. ಲೈಸೆನ್ಸ್ ಮುಗಿದ ವರ್ಷ ಕೋರ್ಸೂ ಮುಗಿಯುತ್ತದೆ. ಅಡಿಪಾಯ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ), ಪೈಥಾನ್, ಸಂಖ್ಯಾಶಾಸ್ತ್ರ. ಇವಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ, 8 ಜಿಬಿ ರ‍್ಯಾಮ್‌ನ ಲ್ಯಾಬ್ ಕಂಪ್ಯೂಟರಿನಲ್ಲಿ ಹತ್ತು ಲಕ್ಷ ಸಾಲಿನ ಟೇಬಲ್ ಆರಾಮಾಗಿ ಓಡುತ್ತದೆ. ಕಂಪನಿಯ ಟೂಲಿಗೆ ಕೊನೆಯ ಎರಡು ವಾರ ಬಿಡಿ. ಸಂಯೋಜಿತ ಕಾಲೇಜಾದರೆ ಪಠ್ಯಕ್ರಮ ನಿಮ್ಮ ಕೈಯಲ್ಲಿಲ್ಲ. ಕಂಪನಿಯ ಪಾಠವನ್ನು ಪಠ್ಯಕ್ರಮದ ಹೊರಗಿನ ವ್ಯಾಲ್ಯೂ ಆ್ಯಡೆಡ್ ಕೋರ್ಸ್ ಆಗಿ ನಡೆಸಿ. ಸ್ವಾಯತ್ತ ಕಾಲೇಜಾದರೆ ಪಠ್ಯಕ್ರಮ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್‌ಗೆ ಕಂಪನಿಯವರನ್ನು ಕರೆಯಿರಿ, ಪ್ರಶ್ನೆಪತ್ರಿಕೆ ಮಾತ್ರ ನಿಮ್ಮವರೇ ತೆಗೆಯಲಿ. ಪಾಠ ಮಾಡಲು ಅನುಭವಿಗಳು ಬೇಕೆಂದರೆ ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಇದೆ: ಕನಿಷ್ಠ 15 ವರ್ಷದ ಅನುಭವ ಬೇಕು, ಪಿಎಚ್‌.ಡಿ. ಕಡ್ಡಾಯವಲ್ಲ, ಮಂಜೂರಾದ ಹುದ್ದೆಗಳ ಶೇ 10 ಮೀರುವಂತಿಲ್ಲ.

ಬಿ.ಎಸ್ಸಿ. ಎರಡನೇ ವರ್ಷ. 15 ಸಾವಿರ ಕಟ್ಟಿದರೆ ಡೇಟಾ ಸೈನ್ಸ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಎನ್ನುತ್ತಿದ್ದಾರೆ. ಕಟ್ಟಲಾ?
– ವಿದ್ಯಾರ್ಥಿನಿ, ಕಲಬುರಗಿ

ಬೇಡ. ಕೆಲಸ ಮಾಡುವವರು ನೀವು, ದುಡ್ಡು ಕೊಡುವವರೂ ನೀವೇ ಎಂದರೆ ಅದು ಟ್ಯೂಷನ್. ಆನ್‌ಲೈನಿನಲ್ಲಿ ಕಲಿಯಲು ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಉಚಿತ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳೂ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಕಲಿತದ್ದರಲ್ಲಿ ಒಂದು ಪ್ರಾಜೆಕ್ಟ್ ಪೂರ್ತಿ ಮುಗಿಸಿ, ಡೇಟಾ ಎಲ್ಲಿಂದ ತಂದಿರಿ, ಎಷ್ಟು ಸಾಲು ಯಾಕೆ ಬಿಟ್ಟಿರಿ ಎಂದು ಒಂದು ಪುಟ ಬರೆದಿಡಿ. ಇಂಟರ್‌ವ್ಯೂನಲ್ಲಿ ಕೆದಕಿ ಕೇಳುವುದು ಅದನ್ನೇ.

ತಂಡದಲ್ಲಿ ಒಬ್ಬ ಮಾಡುತ್ತಾನೆ, ಉಳಿದವರು ಸಹಿ ಹಾಕುತ್ತಾರೆ. ಈಗಂತೂ ಕೋಡ್ ಚಾಟ್‌ಜಿಪಿಟಿಯದು. ಅಂಕ ಹೇಗೆ ಕೊಡುವುದು?
– ಉಪನ್ಯಾಸಕ, ಉಡುಪಿ

ತಂಡಕ್ಕೆ 40 ಅಂಕ, ಒಬ್ಬೊಬ್ಬರಿಗೆ 60. ಕಂಪನಿಯವರ ಕೈಗೆ ಈ ನೂರರಲ್ಲಿ 20ಕ್ಕಿಂತ ಹೆಚ್ಚು ಕೊಡಬೇಡಿ. ಅವರು ಚೆಂದದ ಡ್ಯಾಶ್‌ಬೋರ್ಡಿಗೆ ಬೇಗ ಮರುಳಾಗುತ್ತಾರೆ. ಕೋಡ್ ಎಲ್ಲ ಗಿಟ್‌ನಲ್ಲಿರಲಿ, ಯಾರು ಯಾವ ದಿನ ಏನು ಸೇರಿಸಿದರು ಎಂಬುದು ತಾನಾಗಿ ದಾಖಲಾಗುತ್ತದೆ. ಸಲ್ಲಿಸುವ ಹಿಂದಿನ ರಾತ್ರಿ ಒಂದೇ ಸಲಕ್ಕೆ ಎರಡು ಸಾವಿರ ಸಾಲು ಬಂದಿದ್ದರೆ ಅಲ್ಲೇ ಪ್ರಶ್ನೆ ಶುರು ಮಾಡಿ. ವೈವಾದಲ್ಲಿ ಸ್ಲೈಡ್ ಬೇಡ. ಪ್ರತಿಯೊಬ್ಬರನ್ನೂ ಎಂಟು ನಿಮಿಷ ಕಂಪ್ಯೂಟರಿನ ಮುಂದೆ ಕೂರಿಸಿ, ‘ಭಾನುವಾರಗಳನ್ನು ಬಿಟ್ಟು ಇದೇ ಗ್ರಾಫ್ ತೆಗಿ’, ‘ಈ ಎರಡು ಟೇಬಲ್ ಜೋಡಿಸಿದಾಗ ಸಾಲುಗಳು ಹೆಚ್ಚಾದದ್ದು ಯಾಕೆ?’ ಎಂದು ಕೇಳಿ. ಚಾಟ್‌ಜಿಪಿಟಿ ಬಳಸಿ ಅರ್ಥ ಮಾಡಿಕೊಂಡವರು ಉತ್ತರ ಹೇಳುತ್ತಾರೆ, ಅವರಿಗೆ ಅಂಕ ಕತ್ತರಿಸಬೇಕಾಗಿಲ್ಲ. ಎರಡನೇ ಪ್ರಶ್ನೆಗೆ ‘ಕೀ ಕಾಲಂನಲ್ಲಿ ಒಂದೇ ಕೋಡ್ ಎರಡು ಸಲ ಇತ್ತು’ ಎಂದು ತಡವರಿಸದೆ ಹೇಳಿದರೆ ಪೂರ್ತಿ ಅಂಕ ಕೊಡಿ.