ಹೆರಿಗೆ ನೋವಿಗೆ ಲ್ಯಾವೆಂಡರ್ ಎಣ್ಣೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಮುಂದಿನ ತಿಂಗಳು ಜಯನಗರದಲ್ಲಿ ಹೆರಿಗೆಯಾಗಲಿರುವ ನೀವು, ಲ್ಯಾವೆಂಡರ್ ಎಣ್ಣೆಯ ಪರಿಮಳವನ್ನು ಕೋಣೆಯಲ್ಲಿ ಹರಡುವ ಡಿಫ್ಯೂಸರ್ ಅನ್ನು ಲೇಬರ್ ವಾರ್ಡಿಗೆ ಒಯ್ಯಬಹುದೇ, ಅದರಿಂದ ನೋವು ತಗ್ಗುವುದೇ ಎಂದು ಕೇಳಿದ್ದೀರಿ. ನೋವು ತಗ್ಗುತ್ತದೆಂದು ನಂಬಿಕೊಂಡು ಹೋಗಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು, ಹೆರಿಗೆಯಲ್ಲಿ ಪರಿಮಳದ ಎಣ್ಣೆಗಳ ಬಳಕೆಯ ಬಗ್ಗೆ 535 ಮಹಿಳೆಯರನ್ನು ಒಳಗೊಂಡ ಎರಡು ಪ್ರಯೋಗಗಳನ್ನು ಪರಿಶೀಲಿಸಿದ 2011ರ ವಿಮರ್ಶೆಯಲ್ಲಿ ನೋವಿನ ಮಟ್ಟದಲ್ಲಾಗಲಿ ಸಿಸೇರಿಯನ್ ಪ್ರಮಾಣದಲ್ಲಾಗಲಿ ವ್ಯತ್ಯಾಸ ಕಂಡುಬರಲಿಲ್ಲ. ಆದರೂ ಪರಿಚಿತ ಪರಿಮಳವೊಂದು ಗಾಬರಿಯನ್ನು ತಣಿಸಬಲ್ಲದು, ಆ ಗಳಿಗೆಯಲ್ಲಿ ಅದೂ ದೊಡ್ಡದೇ.

ಡಿಫ್ಯೂಸರ್ ಬದಲು ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ ಒಯ್ಯುವುದೇ ಮೇಲು, ಏಕೆಂದರೆ ಪಕ್ಕದ ಹಾಸಿಗೆಯವರಿಗೆ ಉಬ್ಬಸವಿರಬಹುದು. ನನ್ನ ತಂಗಿ ಮೊದಲ ಮೂರು ತಾಸು ಅಂಥದೊಂದು ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಆಗಾಗ ಮೂಸುತ್ತಿದ್ದಳು. ನೋವು ಬಿರುಸಾದಾಗ ಅದೇ ವಾಸನೆಗೆ ಅವಳಿಗೆ ವಾಕರಿಕೆ ಬಂದು, ನಾನು ಅದನ್ನು ಕವರಿನಲ್ಲಿ ಕಟ್ಟಿ ಹೊರಗಿಟ್ಟೆ. ಡಿಫ್ಯೂಸರ್ ಆಗಿದ್ದರೆ ಕೋಣೆಯಿಂದ ವಾಸನೆ ಅಷ್ಟು ಬೇಗ ಹೋಗುತ್ತಿರಲಿಲ್ಲ.

ಇಂಥದೇ ಇನ್ನೊಂದು ಪರಿಮಳದ ಎಣ್ಣೆಯಾದ ಕ್ಲಾರಿ ಸೇಜ್ ಗರ್ಭಕೋಶದ ಸಂಕೋಚನವನ್ನು ಹೆಚ್ಚಿಸಬಹುದೆಂಬ ಆತಂಕವಿರುವುದರಿಂದ, ಹೆರಿಗೆ ನೋವು ಶುರುವಾಗುವ ಮೊದಲು ಅಥವಾ ಸಂಕೋಚನ ಹೆಚ್ಚಿಸಲು ಕೊಡುವ ಆಕ್ಸಿಟೋಸಿನ್ ಡ್ರಿಪ್ ನಡೆಯುತ್ತಿರುವಾಗ ಅದು ಬೇಡವೇ ಬೇಡ. ಯಾವ ಎಣ್ಣೆಯನ್ನೂ ಕುಡಿಯಬೇಡಿ, ಮಗುವಿನ ಮೈಗೆ ತಾಗಿಸಬೇಡಿ. ಈಗಲೇ ನಿಮ್ಮ ಡಾಕ್ಟರನ್ನೂ ವಾರ್ಡಿನ ನರ್ಸನ್ನೂ ಕೇಳಿಕೊಳ್ಳಿ.