ಕೊರೊನಾ ಕಾಲದಲ್ಲಿ ಹಳ್ಳಿ ಸರ್ಕಾರಿ ಶಾಲೆಗಳಲ್ಲಿ ಆನ್‌ಲೈನ್ ಪಾಠ ನಿಜಕ್ಕೂ ನಡೀತಾ, ಇಲ್ಲ ಬರೀ ಲೆಕ್ಕಕ್ಕಾ?

ನಾನು ಮಂಡ್ಯ ಜಿಲ್ಲೆ ಪಾಂಡವಪುರದ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು, ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿ ನನ್ನ ಪಾಲಿನದು. ಬೆಂಗಳೂರಿನ ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರಲ್ಲ, ಆ ಥರ ನಮ್ಮಲ್ಲಿ ನಡೀಲಿಲ್ಲ. ಹಾಗಂತ ಪಾಠ ನಿಂತೂ ಇರಲಿಲ್ಲ.

2020ರ ಆಗಸ್ಟ್ ಹೊತ್ತಿಗೆ, ಶಾಲೆ ಮುಚ್ಚಿದ್ದರೂ ಮಕ್ಕಳಿಗೆ ಪಾಠ ಮುಟ್ಟಿಸೋಕೆ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಸ್ಮಾರ್ಟ್‌ಫೋನ್ ಇರೋರು, ಬರೀ ಬಟನ್ ಸೆಟ್ ಇರೋರು, ಏನೂ ಇಲ್ಲದೋರು ಅಂತ ಮಕ್ಕಳನ್ನ ಮೂರು ಪಟ್ಟಿ ಮಾಡಿ ಅಂದರು. ಮಾಡಿಕೊಟ್ಟೆವು. ಆದರೆ ಫೋನ್ ಇದೆಯಾ ಅನ್ನೋದಕ್ಕಿಂತ ಅದು ಯಾವ ಹೊತ್ತಲ್ಲಿ ಮನೇಲಿರುತ್ತೆ ಅನ್ನೋದೇ ನಮಗೆ ಮುಖ್ಯವಾಗಿದ್ದು. ಅಪ್ಪ ಗದ್ದೆಗೋ ಆಲೆಮನೆಗೋ ಹೊರಟರೆ ಫೋನೂ ಜೇಬಲ್ಲೇ ಹೊರಟಿತು. ವಾಪಸ್ ಬರೋದು ರಾತ್ರಿ ಊಟದ ಹೊತ್ತಿಗೆ. ಆಗ ಮೊದಲು ಹೈಸ್ಕೂಲಿನ ಅಕ್ಕನ ಸರದಿ, ಅವಳು ಮುಗಿಸೋ ಹೊತ್ತಿಗೆ ಎರಡನೇ ಕ್ಲಾಸಿನ ತಮ್ಮ ಗೊರಕೆ. ಅದಕ್ಕೇ ವಾಟ್ಸಾಪಿಗೆ ಹಾಕೋದನ್ನೆಲ್ಲ ಸಂಜೆ ಮೇಲೆ ಹಾಕ್ತಿದ್ದೆ.

ನನ್ನನ್ನ ನಿಜವಾಗಿ ಕೈಹಿಡಿದು ಕಾಪಾಡಿದ್ದು ಹಾಲಿನ ಡೈರಿ. ಲಾಕ್‌ಡೌನ್ ಇರಲಿ ಬಿಡಲಿ, ಹಸು ಹಾಲು ಕೊಡೋದು ನಿಲ್ಲಿಸಲ್ಲ. ಬೆಳಿಗ್ಗೆ, ಸಂಜೆ ಊರಿನ ಅರ್ಧ ಮನೆಯವರು ಕ್ಯಾನ್ ಹಿಡಿದು ಅಲ್ಲಿಗೆ ಬರಲೇಬೇಕು. ಜೆರಾಕ್ಸ್ ಹಾಳೆ ಅವರ ಕೈಗೇ ಕೊಡೋದು, ಬರೆದಿದ್ದನ್ನ ಅಲ್ಲೇ ಇಸ್ಕೊಳ್ಳೋದು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚೋ ದಿನವೂ ಹಾಗೇ. ಆ ದಿನ ಬರದ ಪೋಷಕರೇ ಇರಲಿಲ್ಲ! ಓದು ಬಾರದ ತಾಯಂದಿರ ಮಾತು ಒಂದೇ: "ಮೇಷ್ಟ್ರೇ, ನಮ್ ಮಾತ್ ಎಲ್ ಕೇಳಾನು, ನೀವೇ ಪೋನಲ್ಲಿ ವಸಿ ಗದರ್ಬುಡಿ." ಗದರಿದ್ದೂ ಉಂಟು. ಫೋನಲ್ಲಿ ಗದರಿದರೆ ಮಕ್ಕಳು ನಗ್ತವೆ, ಅದು ಬೇರೆ ವಿಷಯ.

ವಿದ್ಯಾಗಮದಲ್ಲೇ ಊರೊಳಗೆ ಮಕ್ಕಳನ್ನ ಗುಂಪಾಗಿ ಕೂರಿಸಿ ಪಾಠ ಮಾಡೋ ವಠಾರ ಶಾಲೆ ಬಗ್ಗೆ ಪೇಪರಲ್ಲಿ ಏನೇ ಬಂದಿರಲಿ, ನಾನಂತೂ ಅದರ ಪರ. ಮಾರಮ್ಮನ ಗುಡಿ ಜಗಲಿ, ಅರಳಿಕಟ್ಟೆ, ಯಾರದೋ ಖಾಲಿ ಕೊಟ್ಟಿಗೆ, ಜಾಗ ಸಿಕ್ಕಲ್ಲಿ ಏಳೆಂಟು ಮಕ್ಕಳು. ಬೆಂಗಳೂರಿಂದ ಊರಿಗೆ ವಾಪಸ್ ಬಂದಿದ್ದ ಮನೆಗಳ ಕಾನ್ವೆಂಟ್ ಮಕ್ಕಳೂ ಬಂದು ಕೂರ್ತಿದ್ದವು, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನ ನಿಲ್ಲಿಸಿದರು. ಭಯಕ್ಕೆ ಕಾರಣ ಇತ್ತು, ಅಲ್ಲಗಳೆಯಲ್ಲ.

ದೊಡ್ಡ ಮಕ್ಕಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಚಂದನದಲ್ಲಿ ಪಾಠ ಬರ್ತಿತ್ತು, 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನ ಜುಲೈ 19, 22 ಎರಡೇ ದಿನಕ್ಕೆ ಇಳಿಸಿ, ಸರಿ ಉತ್ತರಕ್ಕೆ ಗುರುತು ಹಾಕಿಸಿ ಮುಗಿಸಿದರು. ಊರೆಲ್ಲ ಮಾತಾಡಿದ್ದು ಅದನ್ನೇ. ಹೊಡೆತ ಬಿದ್ದಿದ್ದು ಮಾತ್ರ ಕೆಳಗಿನ ತರಗತಿಗೆ.

ಯಾಕೆ ಅಂದರೆ ನಲಿ-ಕಲಿ ಫೋನಿಗೆ ಇಳಿಯೋ ಪದ್ಧತಿಯೇ ಅಲ್ಲ. 1995ರಲ್ಲಿ ಇಲ್ಲೇ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು ಅದು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ಕಾರ್ಡ್ ಎತ್ತಿಕೊಂಡು, ತಮ್ಮ ತಮ್ಮ ಮೆಟ್ಟಿಲಲ್ಲಿ ಕಲೀಬೇಕು. ಮೇಷ್ಟ್ರು ಒಂದು ಗುಂಪಿನ ಹತ್ತಿರ ಇದ್ದರೆ ಇನ್ನೊಂದರಲ್ಲಿ ಮೂರನೆಯ ಹುಡುಗಿ ಒಂದನೆಯವನಿಗೆ ಅಕ್ಷರ ತಿದ್ದಿಸ್ತಿರ್ತಾಳೆ. ಪಕ್ಕದ ಮಗುವೇ ಅಲ್ಲಿ ಅರ್ಧ ಮೇಷ್ಟ್ರು. ಆ ಪಕ್ಕದ ಮಗುವನ್ನೇ ತೆಗೆದುಬಿಟ್ಟರೆ ಉಳಿಯೋದು ಕಾರ್ಡಿನ ಫೋಟೊ. ಒಂದರಿಂದ ಐದನೇ ತರಗತಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಶಾಲೆ ಕೋಣೆ ಕಂಡಿದ್ದು ಎರಡನೇ ತರಗತಿಗೆ ಬಂದಮೇಲೆ.

ಮರುವರ್ಷ ಕಲಿಕಾ ಚೇತರಿಕೆ ಅನ್ನೋ ಸರ್ಕಾರಿ ಕಾರ್ಯಕ್ರಮದಲ್ಲಿ ಹಿಂದಿನ ತರಗತಿಗಳದನ್ನೇ ಹಾಳೆಗಳಲ್ಲಿ ಮತ್ತೆ ಮಾಡಿಸಿದೆವು. ಕಾಗುಣಿತ ಬೇಗ ಬಂತು. ಒತ್ತಕ್ಷರ, ದಶಕ ತಗೊಂಡು ಕಳೆಯೋ ಲೆಕ್ಕ ತುಂಬ ಸತಾಯಿಸಿದವು. ನಿಮ್ಮ ಮನೇಲಿ ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಇದ್ದರೆ ಅಂಕಪಟ್ಟಿ ಬದಿಗಿಟ್ಟು, ಒಂದು ಪುಟ ಜೋರಾಗಿ ಓದಿಸಿ ನೋಡಿ.