ಹೊರಡುವ ಮೊದಲು ಈ ಮಳೆಗಾಲವನ್ನು ಅಳೆದುಕೊಳ್ಳಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಆಗಸ್ಟ್ ಮೊದಲ ವಾರ ಕಾರವಾರ ಬಿಟ್ಟು ಟೆಕ್ಸಸ್‌ನ ಡಲ್ಲಾಸ್‌ಗೆ ಹೋಗುತ್ತಿದ್ದೀರಿ. ಮಗ ಅಲ್ಲಿ ಒಂಬತ್ತನೇ ತರಗತಿಗೆ ಸೇರುತ್ತಾನೆ. ವರ್ಲ್ಡ್ ಜಿಯಾಗ್ರಫಿ ಪಾಠದಲ್ಲಿ ‘ಎಕ್ಸ್‌ಟ್ರಾ ಕ್ರೆಡಿಟ್ ಪ್ರಾಜೆಕ್ಟ್’ ಅಂತ ಇರುತ್ತದಂತೆ, ಅದು ಕಡ್ಡಾಯವಾ, ಇಲ್ಲಿಂದಲೇ ಚಾರ್ಟು, ಮಾಡೆಲ್ಲು ಮಾಡಿಸಿಕೊಂಡು ಹೋದರೆ ಅನುಕೂಲವಾ ಅಂತ ಕೇಳಿದ್ದೀರಿ. ಮಗನ ಇಂಗ್ಲಿಷ್ ಬಗ್ಗೆಯೂ ಚಿಂತೆ ಇದೆ ಅಂದಿರಿ.

ನಾನು ಹದಿನೇಳು ವರ್ಷದಿಂದ ಆ ಊರಿನಲ್ಲಿದ್ದೇನೆ. ಈಗ ರಜೆಗೆ ಶಿರಸಿಯ ಮನೆಗೆ ಬಂದಿದ್ದೇನೆ. ಹೊರಗೆ ಮಳೆ ಬಿಟ್ಟಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಅಂಕಗಳ ವಿಷಯ ಮುಗಿಸಿಬಿಡೋಣ. ಎಕ್ಸ್‌ಟ್ರಾ ಕ್ರೆಡಿಟ್ ಕಡ್ಡಾಯ ಅಲ್ಲ. ಪಾಠದ ಕೆಲಸ ಮುಗಿಸಿದ ಮೇಲೆ ಇನ್ನೂ ಸ್ವಲ್ಪ ಮಾಡುವ ಆಸೆ ಇದ್ದವರಿಗೆ ಟೀಚರ್ ಕೊಡುವ ಅವಕಾಶ ಅದು. ಸಿಗುವುದು ಕೆಲವೇ ಅಂಕ. ಕೆಲವು ಟೀಚರ್‌ಗಳು ಕೊಡುವುದೇ ಇಲ್ಲ. ಬಿಟ್ಟುಹೋದ ಹೋಮ್‌ವರ್ಕನ್ನು ಇದರಿಂದ ತುಂಬಿಸಿಕೊಳ್ಳಬಹುದು ಅಂತ ಮಗ ಎಣಿಸದಿರಲಿ. ‘ರೂಬ್ರಿಕ್’ ಅಂತ ಒಂದು ಹಾಳೆ ಕೊಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಅಂತ ಅದರಲ್ಲೇ ಇರುತ್ತದೆ. ಅದನ್ನು ಎರಡು ಸಲ ಓದಿ ಕೆಲಸ ಶುರು ಮಾಡಬೇಕು. ಕೊನೆಯ ದಿನಾಂಕ ತಪ್ಪಿಸಬಾರದು. ಇಷ್ಟೇ.

ಮಾಡಿಸಿಕೊಂಡು ಹೋಗುವ ವಿಚಾರಕ್ಕೆ ಬರುತ್ತೇನೆ. ದಯವಿಟ್ಟು ಮಾಡಿಸಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಮಗಳು ಒಂಬತ್ತರಲ್ಲಿದ್ದಾಗ ಎರಡು ರಾತ್ರಿ ಕೂತು ಥರ್ಮೋಕೋಲಿನಲ್ಲಿ ಜೋಗದ ಮಾಡೆಲ್ ಮಾಡಿಕೊಟ್ಟೆ. ನಾಲ್ಕು ಧಾರೆ, ಹಸಿರು ಕಾಡು, 253 ಮೀಟರ್ ಅಂತ ಚೀಟಿ, ಎಲ್ಲ ಇತ್ತು. ಕ್ಲಾಸಿನಲ್ಲಿ ಟೀಚರ್ ಅವಳನ್ನು ಒಂದೇ ಪ್ರಶ್ನೆ ಕೇಳಿದರು: ನದಿ ಇಲ್ಲೇ ಯಾಕೆ ಬೀಳುತ್ತದೆ? ಅವಳಿಗೆ ಗೊತ್ತಿರಲಿಲ್ಲ. ಸುಮ್ನೆ ನಿಂತಳಂತೆ. ಅಂಕ ಬರಲಿಲ್ಲ. ಅಂದು ಕಾರಿನಲ್ಲಿ ಅತ್ತಳು. ಅಂಕ ಹೋಯಿತು ಅಂತ ಅಲ್ಲ. ‘ಇದು ನಿಮ್ಮ ಊರಾ ಅಂತ ಕೇಳಿದರು, ಹೌದು ಅಂದೆ, ಆಮೇಲೆ ಏನೂ ಹೇಳಲಾಗಲಿಲ್ಲ’ ಅಂದಳು. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ನಮ್ಮ ಕಡೆಯ ಶಾಲೆಯಲ್ಲಿ ‘ಎಲ್ಲಿದೆ, ಎಷ್ಟಿದೆ’ ಚೆನ್ನಾಗಿ ಕಲಿಸುತ್ತಾರೆ. ನಿಮ್ಮ ಮಗನಿಗೆ ಕಾಳಿ ನದಿ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುತ್ತದೆ ಅಂತ ಬಾಯಿಪಾಠ ಇರಬಹುದು. ಅಲ್ಲಿ ಕೇಳುವುದು ‘ಅಲ್ಲೇ ಯಾಕೆ, ಅದರಿಂದ ಏನಾಯಿತು’ ಅಂತ. ಈ ಒಂದು ‘ಯಾಕೆ’ ಅಭ್ಯಾಸವಾದರೆ ಉಳಿದದ್ದೆಲ್ಲ ಸಲೀಸು.

ಮುಂದಿನ ಸೆಮಿಸ್ಟರಿನಲ್ಲಿ ಮಗಳು ತಾನೇ ಒಂದು ಕೆಲಸ ಹುಡುಕಿಕೊಂಡಳು. ಅಡಿಕೆ ತೋಟದವರು ಮಳೆ ಅಳೆದು ಬರೆದಿಡುವುದು ನಿಮಗೆ ಗೊತ್ತೇ ಇದೆ. ನನ್ನ ಅಪ್ಪನೂ ದಿನಾ ಬೆಳಿಗ್ಗೆ ಅಳತೆ ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಇಲ್ಲಿ ನಾವು ಇವತ್ತಿಗೂ ‘ನಿನ್ನೆ ಮೂರು ಇಂಚು ಹೊಯ್ದಿದೆ’ ಅಂತಲೇ ಮಾತಾಡುತ್ತೇವೆ. ಟೆಕ್ಸಸ್‌ನಲ್ಲೂ ಮಳೆಯನ್ನು ಇಂಚಿನಲ್ಲೇ ಹೇಳುತ್ತಾರೆ. ಅಜ್ಜನ ಡೈರಿ ಹಾಗೇ ಅವಳ ಕ್ಲಾಸಿಗೆ ಹೊಂದಿಕೊಂಡಿತು. ಭಾನುವಾರ ಫೋನ್ ಮಾಡಿ ವಾರದ ಲೆಕ್ಕ ಬರೆದುಕೊಳ್ಳುತ್ತಿದ್ದಳು.

ಆಗ ಅವಳಿಗೆ ಕಂಡದ್ದು ನನಗೂ ಹೊಸದಾಗಿತ್ತು. ಕಾರವಾರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 120 ಇಂಚು ಮಳೆ. ಘಟ್ಟ ಹತ್ತಿ ಪೂರ್ವಕ್ಕೆ ಹೋಗಿ ಮುಂಡಗೋಡ ಮುಟ್ಟುವಷ್ಟರಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಧಾರವಾಡದಲ್ಲಿ ಇನ್ನೂ ಕಡಿಮೆ. ಅರಬ್ಬೀ ಸಮುದ್ರದ ಹಸಿ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ನಮ್ಮ ತಲೆ ಮೇಲೆ ಸುರಿಯುತ್ತದೆ. ಆಚೆ ಇಳಿಯುವಾಗ ಅದರಲ್ಲಿ ಹೆಚ್ಚು ನೀರು ಉಳಿದಿರುವುದಿಲ್ಲ. ಟೆಕ್ಸಸ್‌ನಲ್ಲಿ ದಿಕ್ಕು ಉಲ್ಟಾ. ಅಲ್ಲಿಗೆ ಹಸಿ ಗಾಳಿ ಬರುವುದು ಮೆಕ್ಸಿಕೊ ಕೊಲ್ಲಿಯಿಂದ. ಪೂರ್ವ ತುದಿಯ ಬೋಮಾಂಟ್‌ನಲ್ಲಿ 60 ಇಂಚಿನ ಹತ್ತಿರ, ಪಶ್ಚಿಮ ತುದಿಯ ಎಲ್ ಪಾಸೊದಲ್ಲಿ ಸುಮಾರು 9 ಇಂಚು. ಡಲ್ಲಾಸ್ ನಡುವೆ, 37–38 ಇಂಚು. ಬೋಮಾಂಟ್‌ನಿಂದ ಎಲ್ ಪಾಸೊಗೆ 1300 ಕಿಲೋಮೀಟರ್ ದಾರಿ. ಅಷ್ಟು ದೂರದಲ್ಲಿ ಅಲ್ಲಿ ಆಗುವ ಬದಲಾವಣೆ ನಮ್ಮಲ್ಲಿ ಒಂದು ಘಟ್ಟ ದಾಟುವುದರೊಳಗೆ ಆಗಿಬಿಡುತ್ತದೆ. ಅಲ್ಲಿ ಅಷ್ಟೊಂದು ಬಯಲು, ಗಾಳಿಯನ್ನು ತಡೆದು ನಿಲ್ಲಿಸುವ ಇಂಥ ಗೋಡೆ ಇಲ್ಲ. ಮಗಳು ಎರಡು ನಕ್ಷೆ ಪಕ್ಕಪಕ್ಕ ಬರೆದು ಇದನ್ನು ವಿವರಿಸಿದಳು. ಈ ಸಲ ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಕೊಟ್ಟಳು. ಇಂಗ್ಲಿಷ್ ತಡವರಿಸಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಿಮ್ಮ ಮಗನಿಗೂ ಹಾಗೇ ಆಗುತ್ತದೆ. ಗೊತ್ತಿರುವುದನ್ನು ಹೇಳುವಾಗ ಭಾಷೆ ತಾನಾಗಿ ಬರುತ್ತದೆ.

ಇನ್ನೊಂದು ವಿಷಯ ಇದೆ. ಕಾರವಾರದ ಹುಡುಗ ಟೆಕ್ಸಸ್‌ಗೆ ಹೋಗಿ ಇದನ್ನು ಮಾಡದಿದ್ದರೆ ಯಾರು ಮಾಡಬೇಕು ಅನ್ನಿಸುತ್ತದೆ. ಹತ್ತಿಯ ಕಥೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಲ್ಲಿಯ ದಕ್ಷಿಣ ರಾಜ್ಯಗಳದ್ದು. ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರನ್ನೂ ಉತ್ತರದ ನೌಕಾಪಡೆ ಸುತ್ತುವರಿಯಿತು. ಹತ್ತಿ ನಿಂತಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಮೇಲೆ ಬಿತ್ತು. ಅಲ್ಲಿ 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಬಿತ್ತಿದ್ದರು. ಆ ಹತ್ತಿ ಹಡಗು ಹತ್ತಲು ಹತ್ತಿರದ ಒಳ್ಳೆಯ ಬಂದರು ಕಾರವಾರ. ಆದರೆ ಕಾರವಾರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. 1865ರಲ್ಲಿ ಯುದ್ಧ ಮುಗಿಯಿತು. 1880ರ ದಶಕದಲ್ಲಿ ಗೋವೆಯ ಮುರ್ಮುಗಾಂವ್‌ಗೆ ರೈಲು ಬಂತು, ಘಟ್ಟದ ಮೇಲಿನ ಸರಕು ಆ ಕಡೆ ತಿರುಗಿತು. ಕಾರವಾರಕ್ಕೆ ರೈಲು ಬರಲು ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು.

ಅಮೆರಿಕದ ಟೀಚರ್‌ಗಳು ಭೂಗೋಳಕ್ಕೆ ಐದು ಎಳೆ ಅಂತ ಹೇಳಿಕೊಡುತ್ತಾರೆ: ನೆಲೆ, ಊರಿನ ಗುಣ, ಮನುಷ್ಯ ಮತ್ತು ಪರಿಸರದ ನಂಟು, ಚಲನೆ, ಪ್ರದೇಶ. 1984ರಿಂದ ಅಲ್ಲಿ ಈ ಕ್ರಮ ಇದೆ. ಹತ್ತಿಯ ಕಥೆಯಲ್ಲಿ ಐದೂ ಇವೆ, ನೋಡಿ. ಇಂದಿಗೂ ಅಮೆರಿಕದಲ್ಲಿ ಅತಿ ಹೆಚ್ಚು ಹತ್ತಿ ಬೆಳೆಯುವ ರಾಜ್ಯ ಟೆಕ್ಸಸ್. ನಿಮ್ಮ ಮಗನ ಪಕ್ಕದಲ್ಲಿ ಕೂರುವ ಹುಡುಗನ ಅಜ್ಜನ ಹೊಲದಲ್ಲೂ ಹತ್ತಿ ಇರಬಹುದು.

ಹಾಗಾಗಿ ಪೆಟ್ಟಿಗೆಯಲ್ಲಿ ಚಾರ್ಟು ತುಂಬುವ ಬದಲು ಈಗ ಉಳಿದಿರುವ ವಾರಗಳಲ್ಲಿ ಅವನೇ ನೋಡಿ, ಕೇಳಿ, ಅಳೆದು ಬರೆದುಕೊಳ್ಳಲಿ. ಬೈತಖೋಲ ಬಂದರಿಗೆ ಕರೆದುಕೊಂಡು ಹೋಗಿ. ಗುಡ್ಡ ಹೇಗೆ ಗಾಳಿಗೆ ಅಡ್ಡ ನಿಂತಿದೆ ಅಂತ ಅವನೇ ಚಿತ್ರ ಬರೆಯಲಿ. ಮಳೆಗಾಲದಲ್ಲಿ ಬೋಟು ಯಾಕೆ ಕಡಲಿಗೆ ಇಳಿಯುವುದಿಲ್ಲ ಅಂತ ಅಲ್ಲಿಯವರನ್ನೇ ಕೇಳಲಿ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಬರೆದುಕೊಳ್ಳಲಿ. ಯಾರು, ಎಲ್ಲಿ, ಯಾವ ದಿನ ಹೇಳಿದರು ಅಂತ ಕೆಳಗೆ ಹಾಕಲಿ. ಅಲ್ಲಿ ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ನೆಟ್‌ನಿಂದ ಎತ್ತಿದ ನಾಲ್ಕು ಸಾಲಿಗೆ ಸೊನ್ನೆ ಬಂದದ್ದನ್ನು ನಾನು ಕಂಡಿದ್ದೇನೆ. ಗೋಕರ್ಣದ ಕಡೆ ಹೋದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆ ದಾರಿಯಲ್ಲೇ ಸಿಗುತ್ತದೆ. ಅಘನಾಶಿನಿ ನದಿ ಬಯಲಿನ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಆ ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಬಗ್ಗೆ ಹಿರಿಯರನ್ನು ಕೇಳಿದರೆ ಅದೇ ಇನ್ನೊಂದು ಪ್ರಾಜೆಕ್ಟ್. ಆ ನದಿಗೆ ಅಣೆಕಟ್ಟು ಇಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಎರಡರ ಅಳಿವೆಗಳನ್ನು ಹೋಲಿಸಿ ನೋಡಲಿ.

ಇವತ್ತೇ ಒಂದು ಮಳೆಮಾಪಕ ಮಾಡಿಕೊಳ್ಳಲಿ. ಎರಡು ಲೀಟರಿನ ನೆಟ್ಟಗಿನ ಬಾಟಲಿ ಸಾಕು. ಮೇಲಿನ ಭಾಗ ಕತ್ತರಿಸಿ ತಲೆಕೆಳಗಾಗಿ ಇಟ್ಟರೆ ಅದೇ ಆಲಿಕೆ. ತಳ ಸಮ ಇರುವುದಿಲ್ಲ, ಹಾಗಾಗಿ ಸಣ್ಣ ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಆ ಗೆರೆಯನ್ನು ಸೊನ್ನೆ ಮಾಡಬೇಕು. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಬೇಕು. ಮಾವಿನ ಮರ, ಮಾಡಿನ ನೀರು ಎರಡರಿಂದಲೂ ದೂರ, ಬಯಲಿನಲ್ಲಿಡಿ. ನಮ್ಮ ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ, ಅವನೂ ಅದೇ ಹೊತ್ತಿಗೆ ಅಳೆಯಲಿ. ಹೊರಡುವ ದಿನ ಆ ವಹಿಯನ್ನು ನೀವು ಅಜ್ಜಿಗೋ ಪಕ್ಕದ ಮನೆಯ ಹುಡುಗನಿಗೋ ಒಪ್ಪಿಸಿ. ಡಲ್ಲಾಸ್‌ನಲ್ಲಿ ಇಳಿದ ಮೇಲೆ ಅಂಥದ್ದೇ ಇನ್ನೊಂದು ಬಾಟಲಿಯನ್ನು ಹಿತ್ತಿಲಲ್ಲಿ ಇಡಲಿ.

ನಾನು ಈ ತಿಂಗಳ ಕೊನೆಯವರೆಗೆ ಶಿರಸಿಯಲ್ಲೇ ಇರುತ್ತೇನೆ. ಒಂದು ಭಾನುವಾರ ಮಗನನ್ನು ಕರೆದುಕೊಂಡು ಘಟ್ಟ ಹತ್ತಿ ಬನ್ನಿ. ಅಪ್ಪನ ಡೈರಿಗಳು ಅಟ್ಟದ ಮೇಲೆ ಇವೆ, ಇಳಿಸಿ ಇಟ್ಟಿರುತ್ತೇನೆ.